ಉರಿಯೂತ, ಉಪವಾಸ ಮತ್ತು ಪಾದ್ರಿಯ ಲೆಕ್ಕ

ಉರಿಯೂತ ಅನ್ನುವ ಪದವನ್ನು ಕನ್ನಡದಲ್ಲಿ ಮೊದಲು ಬಳಸಿದವರಿಗೆ ಒಂದು ನಮಸ್ಕಾರ. ಉರಿ, ಊತ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ. ಒಂದನೇ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬಾತ ಇದಕ್ಕೆ ನಾಲ್ಕು ಲಕ್ಷಣ ಹೇಳಿದ್ದ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ನಾಲ್ಕರಲ್ಲಿ ಎರಡು ನಮ್ಮ ಪದದಲ್ಲೇ ಇವೆ ನೋಡಿ.

ಕಾಲಿಗೆ ಮುಳ್ಳು ಚುಚ್ಚಿದರೆ ನಾಲ್ಕೂ ಕಾಣಿಸುತ್ತವೆ, ಕೆಲವು ದಿನಗಳಲ್ಲಿ ಇಳಿಯುತ್ತವೆ. ಅದು ದೇಹ ತನ್ನನ್ನು ತಾನು ಕಾಯುವ ರೀತಿ. ತೊಂದರೆ ಇರುವುದು ಇಳಿಯದೆ ಉಳಿಯುವ ಉರಿಯೂತದ್ದು. ಬೂದಿ ಮುಚ್ಚಿದ ಕೆಂಡದ ಹಾಗೆ ಅದು ಕೆಲವರಲ್ಲಿ ಕೀಲುಗಳಲ್ಲಿ ಕೂರುತ್ತದೆ, ಕೆಲವರಲ್ಲಿ ಹೃದಯದ ರಕ್ತನಾಳಗಳಲ್ಲಿ. ಇದರ ಸುಳಿವು ಕೊಡುವ ಸಿಆರ್‌ಪಿ ಎಂಬ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಕಂಡುಹಿಡಿದರು. ನಮ್ಮ ವಯಸ್ಸಿನವರ ರಕ್ತದ ರಿಪೋರ್ಟಿನಲ್ಲಿ ಈಗ ಅದಕ್ಕೂ ಒಂದು ಸಾಲು ಇರುತ್ತದೆ.

ಬಿಕಾಂ ಓದಿ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನಿಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣವಿದೆ. ಪುಣೆಯ ನನ್ನ ಹಿಂದಿನ ಬ್ರಾಂಚಿನ ಕ್ಯಾಶ್ ಕೌಂಟರಿನಲ್ಲಿ ಕಾರವಾರದ ಕಡೆಯ ಕ್ರೈಸ್ತ ಹೆಣ್ಣುಮಗಳೊಬ್ಬರಿದ್ದರು. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ರುಮಟಾಯ್ಡ್ ಸಂಧಿವಾತ ಇತ್ತು, ಮಾತ್ರೆಯಿಂದ ಹತೋಟಿಯಲ್ಲೂ ಇತ್ತು. ದಾನಿಯೇಲನ ಉಪವಾಸ ಮಾಡಿದರೆ ಉರಿಯೂತ ಬೇರುಸಹಿತ ಹೋಗುತ್ತದೆ, ಮಾತ್ರೆ ಬಿಟ್ಟುಬಿಡಿ ಅಂತ ಪರಿಚಯದವರು ಯಾರೋ ಹೇಳಿದರು. ಅಕ್ಕ ಬಿಟ್ಟರು. ವರ್ಷ ತುಂಬುವುದರೊಳಗೆ ನೋಟು ಎಣಿಸುವ ಬೆರಳುಗಳು ಸೊಟ್ಟಗಾದವು. ಆಮೇಲೆ ಮತ್ತೆ ಮಾತ್ರೆ ಶುರು ಮಾಡಿದಾಗ ನೋವು ಇಳಿಯಿತು, ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ಈ ಕಾಯಿಲೆಯಲ್ಲಿ ಒಮ್ಮೆ ಸವೆದ ಕೀಲು ವಾಪಸ್ ಬರುವುದಿಲ್ಲವಂತೆ. ಒಂದು ದಿನ ಊಟದ ಹೊತ್ತಿನಲ್ಲಿ ಅವರು, "ಹಂಗಾದ್ರೆ ಬೈಬಲ್‌ನಾಗಿದ್ದದ್ದು ಸುಳ್ಳಾ ಸರ್?" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಓದಲು ಶುರು ಮಾಡಿದ್ದು ಅಂದಿನಿಂದ.

ಮೊದಲು ದಾನಿಯೇಲನ ಕತೆಯನ್ನೇ ನೋಡೋಣ. ಬಾಬೆಲಿಗೆ ಸೆರೆಯಾಗಿ ಹೋದ ನಾಲ್ವರು ಯುವಕರು ಅರಸನ ಮಾಂಸ, ದ್ರಾಕ್ಷಾರಸ ಬೇಡ ಅನ್ನುತ್ತಾರೆ. ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ಅರಸನ ಊಟ ಉಂಡವರ ಮುಖದ ಜೊತೆ ನಮ್ಮ ಮುಖ ಹೋಲಿಸಿ ಅನ್ನುತ್ತಾರೆ. ಗಮನಿಸಿ, ಇಲ್ಲಿ ಅವಧಿ ಇದೆ, ಎರಡು ಗುಂಪು ಇದೆ, ಕೊನೆಗೆ ಹೋಲಿಕೆಯೂ ಇದೆ. ಸಂಧಿವಾತದ ಮಾತಿಲ್ಲ, ಔಷಧ ಬಿಡುವ ಮಾತಂತೂ ಇಲ್ಲವೇ ಇಲ್ಲ. ಅದು ಊಟದ ಶುದ್ಧಿಯ ಪ್ರಶ್ನೆ, ನಂಬಿಕೆಯ ಪ್ರಶ್ನೆ. ಉರಿಯೂತವನ್ನು ಅದರೊಳಗೆ ಸೇರಿಸಿದವರು ನಂತರದವರು. ಅಕ್ಕನಿಗೆ ಇದನ್ನು ಹೇಳಿದಾಗ ಸ್ವಲ್ಪ ಸಮಾಧಾನವಾಯಿತು.

ಈ ಉಪವಾಸವನ್ನು ಈಚೆಗೆ ಅಳೆದೂ ನೋಡಿದ್ದಾರೆ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದವರು 43 ಜನರಿಗೆ 21 ದಿನ ದಾನಿಯೇಲನ ಪಥ್ಯ ಮಾಡಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಲೆಸ್ಟರಾಲ್ ಇಳಿದಿತ್ತು, ರಕ್ತದೊತ್ತಡ ಇಳಿದಿತ್ತು. ಸಿಆರ್‌ಪಿಯ ಸರಾಸರಿಯೂ ಇಳಿದಿತ್ತು, ಆದರೆ ಜನ ಕಡಿಮೆ, ಏರುಪೇರು ಜಾಸ್ತಿ. ಆ ಇಳಿಕೆ ಕಾಕತಾಳೀಯ ಅಲ್ಲ ಅಂತ ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವ ಹಾಗಿರಲಿಲ್ಲ. ಅವರು ಅದನ್ನು ಹಾಗೆಯೇ ಬರೆದರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಆ ಮೊತ್ತ ಸಸ್ಪೆನ್ಸ್ ಅಕೌಂಟಿನಲ್ಲಿದೆ!

ಇನ್ನು ನನಗೆ ಬಹಳ ಮೆಚ್ಚುಗೆಯಾದ ಮನುಷ್ಯನ ಕತೆ. ಎಡ್ವರ್ಡ್ ಸ್ಟೋನ್, ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಊರಿನಲ್ಲಿದ್ದ ಪಾದ್ರಿ. ಒಮ್ಮೆ ವಿಲ್ಲೋ ಮರದ (ನಮಗೆ ಕ್ರಿಕೆಟ್ ಬ್ಯಾಟಿನಿಂದ ಪರಿಚಯವಾದ ಮರ) ತೊಗಟೆ ಬಾಯಿಗಿಟ್ಟರೆ ಸಿಕ್ಕಾಪಟ್ಟೆ ಕಹಿ. ಆಗ ಚಳಿಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯೂ ಹೀಗೇ ಕಹಿ; ಪೆರುವಿನಿಂದ ಬರಬೇಕಾಗಿದ್ದರಿಂದ ದುಬಾರಿ ಕೂಡ. ಪಾದ್ರಿಯ ತರ್ಕ ಹೀಗಿತ್ತು: ಚಳಿಜ್ವರ ಬರುವುದು ಜೌಗು ನೆಲದಲ್ಲಿ, ವಿಲ್ಲೋ ಬೆಳೆಯುವುದೂ ಅಲ್ಲೇ, ರೋಗ ಕೊಟ್ಟಲ್ಲೇ ಮದ್ದನ್ನೂ ಇಡುವುದು ದೇವರ ಕ್ರಮ. ಸುಮಾರು ಒಂದು ಪೌಂಡು ತೊಗಟೆ ಕೂಡಿಸಿ, ಚೀಲದಲ್ಲಿ ತುಂಬಿ, ಬೇಕರಿಯವನ ಒಲೆಯ ಹೊರಬದಿಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಇಟ್ಟು ಒಣಗಿಸಿ ಪುಡಿ ಮಾಡಿದ. ಮೊದಲು ಬಹಳ ಸ್ವಲ್ಪ, ಆಮೇಲೆ ಹೆಚ್ಚಿಸುತ್ತ, ನಾಲ್ಕು ತಾಸಿಗೊಮ್ಮೆ ಕೊಟ್ಟ. ಐದು ವರ್ಷದಲ್ಲಿ ಸುಮಾರು 50 ಜನರಿಗೆ.

1763ರಲ್ಲಿ ಇದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ನನಗೆ ಇಷ್ಟವಾದದ್ದು ಆ ಪತ್ರದ ಪ್ರಾಮಾಣಿಕತೆ. ಕೆಲವು ಹಠಮಾರಿ ಚಳಿಜ್ವರಗಳಿಗೆ ಬರೀ ವಿಲ್ಲೋ ಸಾಲಲಿಲ್ಲ, ಐದನೇ ಒಂದು ಭಾಗ ಸಿಂಕೋನಾ ಬೆರೆಸಬೇಕಾಯಿತು ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಖೋಟು ಬಿದ್ದದ್ದನ್ನೂ ಪುಸ್ತಕಕ್ಕೆ ಏರಿಸಿದ ಹಾಗೆ. ಪಾಪ, ಅಚ್ಚಾಗುವಾಗ ಅವನ ಹೆಸರೇ ಎಡ್ಮಂಡ್ ಅಂತ ತಪ್ಪಾಯಿತು.

ಅವನ ತರ್ಕ ಇವತ್ತು ನಿಲ್ಲುವುದಿಲ್ಲ. ಮಲೇರಿಯಾದ ಪರೋಪಜೀವಿಯನ್ನು ಸಿಂಕೋನಾದ ಕ್ವಿನೈನ್ ಕೊಲ್ಲುತ್ತದೆ, ವಿಲ್ಲೋ ಜ್ವರವನ್ನಷ್ಟೇ ಇಳಿಸುತ್ತದೆ. ಆದರೆ ಅವನ ದಾಖಲೆ ನಿಂತಿತು. 1828ರಲ್ಲಿ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಡಿಸಿದರು, ಅದೇ ಕುಟುಂಬದ ಆಸ್ಪಿರಿನ್ 1899ರಲ್ಲಿ ಪೇಟೆಗೆ ಬಂತು. ಅದು ಉರಿಯೂತವನ್ನು ಹೇಗೆ ತಗ್ಗಿಸುತ್ತದೆ ಅಂತ ತಿಳಿಯಲು 1971 ಬರಬೇಕಾಯಿತು: ದೇಹದಲ್ಲಿ ಪ್ರೊಸ್ಟಗ್ಲಾಂಡಿನ್‌ಗಳು ತಯಾರಾಗುವುದನ್ನು ಅದು ತಡೆಯುತ್ತದೆ ಎಂದು ಜಾನ್ ವೇನ್ ತೋರಿಸಿದರು, 1982ರಲ್ಲಿ ನೊಬೆಲ್ ಹಂಚಿಕೊಂಡರು. 1997ರಲ್ಲಿ ಅಮೆರಿಕದ ಪಾಲ್ ರಿಡ್ಕರ್ ತಂಡ, ಆರೋಗ್ಯವಂತರಂತೆ ಕಾಣುವ ಗಂಡಸರಲ್ಲಿ ಸಿಆರ್‌ಪಿ ಜಾಸ್ತಿ ಇದ್ದವರಿಗೆ ಮುಂದೆ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು ಅಂತ ಕಂಡಿತು. ಆಸ್ಪಿರಿನ್ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅಂಥವರಿಗೇ. (ಹಾಗಂತ ನಾಳೆಯಿಂದ ನುಂಗಬೇಡಿ! ಹೃದಯದ ತೊಂದರೆ ಇಲ್ಲದವರು ಸುಮ್ಮನೆ ದಿನವೂ ತೆಗೆದುಕೊಂಡರೆ ರಕ್ತಸ್ರಾವದ ಅಪಾಯವಿದೆ. ಡಾಕ್ಟರನ್ನು ಕೇಳಿ.)

ಊಟದ ದಾರಿ ಹಿಡಿದ ಪಾದ್ರಿಗಳದ್ದು ಬೇರೆಯೇ ಕತೆ. ಸಿಲ್ವೆಸ್ಟರ್ ಗ್ರಹಾಂ ಎಂಬ ಅಮೆರಿಕದ ಪ್ರೆಸ್ಬಿಟೇರಿಯನ್ ಪಾದ್ರಿ 1830ರ ದಶಕದಲ್ಲಿ ಮೈದಾ ಬೇಡ, ತೌಡು ಸಮೇತ ಗೋಧಿ ತಿನ್ನಿ ಅಂತ ಊರೂರು ಸುತ್ತಿ ಬೋಧಿಸಿದ. ಬೇಕರಿಯವರಿಗೂ ಕಟುಕರಿಗೂ ಸಿಟ್ಟು ಬಂದು ಬಾಸ್ಟನ್ನಿನಲ್ಲಿ ಗಲಾಟೆಯಾಯಿತು. ನಾರಿನ ವಿಷಯದಲ್ಲಿ ಅವನ ಮಾತು ಸರಿ. ಆದರೆ ಮೆಣಸು, ಸಾಸಿವೆ ತಿಂದರೆ ಕಾಮ ಕೆರಳುತ್ತದೆ ಅಂತಲೂ ಹೇಳಿದ. ಒಗ್ಗರಣೆ ಇಲ್ಲದ ಆ ಬದುಕು ಯಾರಿಗೆ ಬೇಕು?

1863ರಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕಿನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಸಂಘಟಿತವಾಯಿತು. ಅದೇ ವರ್ಷ ಅದರ ಸ್ಥಾಪಕರಲ್ಲೊಬ್ಬರಾದ ಎಲೆನ್ ವೈಟ್ ತಮಗೆ ಆರೋಗ್ಯದ ಬಗ್ಗೆ ದರ್ಶನವಾಯಿತು ಎಂದರು: ದೇಹ ದೇವರ ಆಲಯ, ಹೊಗೆಸೊಪ್ಪು, ಹೆಂಡ ಬೇಡ, ಕಾಳು, ಹಣ್ಣು, ತರಕಾರಿ ಸಾಕು. ಶನಿವಾರ ಪೂರ್ತಿ ವಿಶ್ರಾಂತಿಯಂತೂ ಅವರ ಹೆಸರಿನಲ್ಲೇ ಇದೆ. 1866ರಲ್ಲಿ ಆರೋಗ್ಯಧಾಮ ತೆರೆದರು, 1876ರಲ್ಲಿ ಅದರ ಹೊಣೆ ಡಾ. ಜಾನ್ ಹಾರ್ವೆ ಕೆಲಾಗ್ ಕೈಗೆ ಬಂತು. ಹೌದು, ಕಾರ್ನ್‌ಫ್ಲೇಕ್ಸಿನ ಕೆಲಾಗೇ. ವ್ಯಾಯಾಮ, ಬಿಸಿಲು, ಸಸ್ಯಾಹಾರ ಎಲ್ಲ ಸರಿ. ಜೊತೆಗೆ ಮೊಸರಿನ ಎನಿಮಾ, ಜನಾಂಗ ಸುಧಾರಣೆಯ ಕೆಟ್ಟ ವಾದ. 1907ರಲ್ಲಿ ಸಭೆಯೇ ಅವರನ್ನು ಹೊರಹಾಕಿತು.

ಪುಣೆಯವರಿಗೆ ಈ ಸಭೆ ಹೊಸದಲ್ಲ. ಔಂಧ್ ರಸ್ತೆಯ ಸ್ಪೈಸರ್ ಕಾಲೇಜು (ಈಗ ವಿಶ್ವವಿದ್ಯಾಲಯ) ಅವರದೇ. ನಾನು ಈ ಊರಿಗೆ ಬಂದ ಹೊಸದರಲ್ಲಿ ಬೆಂಗಾಲಿ ಸಹೋದ್ಯೋಗಿಯೊಬ್ಬರು ಅಲ್ಲಿಂದ ಗೋಧಿ ಬ್ರೆಡ್ಡು, ಶೇಂಗಾ ಬೆಣ್ಣೆ ತಂದುಕೊಡುತ್ತಿದ್ದರು. ಆ ಸಂಸ್ಥೆ 1915ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿ, ಬೆಂಗಳೂರಿನ ಕೃಷ್ಣರಾಜಪುರದಲ್ಲಿ ವರ್ಷಗಟ್ಟಲೆ ಇದ್ದು, 1942ರಲ್ಲಿ ಪುಣೆಗೆ ಬಂತು. ನಮ್ಮ ಹಾಗೆಯೇ ಗಂಟುಮೂಟೆ ಕಟ್ಟಿಕೊಂಡು ಕರ್ನಾಟಕ ಬಿಟ್ಟು ಬಂದದ್ದು!

ಅಡ್ವೆಂಟಿಸ್ಟರ ಬಗ್ಗೆ ನನಗೆ ಗೌರವ ಬಂದದ್ದು ದರ್ಶನದಿಂದಲ್ಲ, ಅವರು ತಮ್ಮ ಖಾತೆಯನ್ನು ಆಡಿಟಿಗೆ ತೆರೆದಿಟ್ಟದ್ದರಿಂದ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿರುವ ಅವರ ವಿಶ್ವವಿದ್ಯಾಲಯ 1958ರಿಂದ ಸಭೆಯ ಸದಸ್ಯರು ಏನು ತಿನ್ನುತ್ತಾರೆ, ಯಾವಾಗ, ಯಾವ ಕಾಯಿಲೆಯಿಂದ ಸಾಯುತ್ತಾರೆ ಅಂತ ಲೆಕ್ಕ ಇಡುತ್ತ ಬಂದಿದೆ. ಬೀಡಿ ಸೇದದವರನ್ನು ಸೇದುವವರ ಜೊತೆ ಹೋಲಿಸಿದರೆ ಊಟದ ಗುಣ ಗೊತ್ತಾಗುವುದಿಲ್ಲ ತಾನೇ? ಇಲ್ಲಿ ಸೇದುವವರೇ ಬಹಳ ಕಡಿಮೆ, ಕುಡಿಯುವವರೂ ಕಡಿಮೆ. ಆದರೆ ಹೆಚ್ಚು ಕಡಿಮೆ ಅರ್ಧದಷ್ಟು ಜನ ಮಾಂಸ ತಿನ್ನುತ್ತಾರೆ. ಹೋಲಿಕೆಗೆ ಇಂಥ ಸಮುದಾಯ ಬೇರೆಡೆ ಸಿಗುವುದು ಕಷ್ಟ.

ಲೆಕ್ಕ ಏನು ಹೇಳಿತು? 1992ರಲ್ಲಿ: ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಾದಾಮಿ, ಶೇಂಗಾದಂಥವನ್ನು ತಿಂದವರಿಗೆ ಹೃದಯಾಘಾತ ಸುಮಾರು ಅರ್ಧ. 2001ರಲ್ಲಿ: ಕ್ಯಾಲಿಫೋರ್ನಿಯಾದ ಉಳಿದ ಬಿಳಿಯರಿಗಿಂತ ಅಡ್ವೆಂಟಿಸ್ಟ್ ಗಂಡಸರ ಆಯಸ್ಸು 7.3 ವರ್ಷ, ಹೆಂಗಸರದು 4.4 ವರ್ಷ ಹೆಚ್ಚು. 2002ರಲ್ಲಿ ಶುರುವಾದ ಹೊಸ ಅಧ್ಯಯನಕ್ಕೆ ಅಮೆರಿಕ, ಕೆನಡಾದ ಸುಮಾರು 96,000 ಜನ ಸೇರಿದರು. ಅದರಲ್ಲಿ 73,308 ಜನರ ಲೆಕ್ಕ 2013ರಲ್ಲಿ ಬಂದಾಗ, ಸಸ್ಯಾಹಾರಿಗಳ ಸಾವಿನ ಪ್ರಮಾಣ ಶೇ. 12 ಕಡಿಮೆ ಇತ್ತು. ಗಂಡಸರಲ್ಲಿ ಲಾಭ ಹೆಚ್ಚು ಕಂಡಿತು, ಹೆಂಗಸರಲ್ಲಿ ಅಷ್ಟಿರಲಿಲ್ಲ. ಅದನ್ನೂ ಮುಚ್ಚಿಡಲಿಲ್ಲ.

ಈ ಸಮುದಾಯದ ಸಸ್ಯಾಹಾರಿಗಳಲ್ಲಿ ಸಿಆರ್‌ಪಿಯೂ ಕಡಿಮೆ ಕಂಡಿದೆ, ಆದರೆ ಅದರಲ್ಲಿ ಒಂದು ಪಾಲು ಅವರ ತೂಕ ಕಡಿಮೆ ಇರುವುದರಿಂದ. ಕೊಬ್ಬು ಸುಮ್ಮನೆ ಕೂತಿರುವ ಡೆಪಾಸಿಟ್ ಅಲ್ಲ, ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತದೆ ಅಂತ 1993ರಲ್ಲಿ ಇಲಿಗಳಲ್ಲಿ ಗೊತ್ತಾಗಿತ್ತು. ಹಾಗಾಗಿ ತುಪ್ಪದಲ್ಲಿ ಕರಿದದ್ದನ್ನು ತಿಂದು ತಿಂದು ಹೊಟ್ಟೆ ಬೆಳೆಸಿದ ಸಸ್ಯಾಹಾರಿಗೆ (ನಮ್ಮ ಬಳಗದಲ್ಲಿ ಇಂಥವರು ಬಹಳ ಜನ) ಸಸ್ಯಾಹಾರದ ಹೆಸರೊಂದೇ ಏನೂ ಕೊಡುವುದಿಲ್ಲ. ಆ ಸಭೆಯವರು ಸೊಪ್ಪು, ಕಾಳು, ಶೇಂಗಾ ತಿಂದರು, ನಡೆದರು, ಸೇದಲಿಲ್ಲ, ಕುಡಿಯಲಿಲ್ಲ, ವಾರಕ್ಕೊಂದು ದಿನ ಕೆಲಸ ನಿಲ್ಲಿಸಿದರು. ಕಾಯಿಲೆ ಬಂದರೆ ತಮ್ಮದೇ ಆಸ್ಪತ್ರೆಗೆ ಹೋಗಿ ಮಾತ್ರೆಯನ್ನೂ ತೆಗೆದುಕೊಂಡರು. ಲೋಮಾ ಲಿಂಡಾದಲ್ಲಿರುವುದು ದೊಡ್ಡ ವೈದ್ಯಕೀಯ ಕಾಲೇಜು. 1984ರಲ್ಲಿ ಬಬೂನ್ ಕೋತಿಯ ಹೃದಯವನ್ನು ಹಸುಗೂಸಿಗೆ ಕಸಿ ಮಾಡಿ ಸುದ್ದಿಯಾದದ್ದೂ ಅದೇ ಆಸ್ಪತ್ರೆ.