ಹೊಸ್ತಿಲನ್ನು ಕೇಳದೆ ಬಂದ ಓಲೆ

ಅಂಚೆಯವನು ತಂದ ಕಾಗದವು ಮೊದಲು ಜಗಲಿಯಲ್ಲಿ ಕುಳಿತ ಯಜಮಾನರ ಕೈಸೇರಿ, ಮೇಲ್ವಿಳಾಸದ ಕೈಬರಹವು ಪರೀಕ್ಷೆಗೊಳಗಾಗಿ, ಸಂಶಯಕ್ಕೆಡೆಯಿದ್ದರೆ ಒಡೆಯಲ್ಪಟ್ಟು, ಆಮೇಲಷ್ಟೆ ಮಗನಿಗೋ ಮಗಳಿಗೋ ತಲುಪುತ್ತಿದ್ದ ಕಾಲದಲ್ಲಿ, ಹರೆಯದ ಗುಟ್ಟಿಗೆ ಮನೆಯ ಹೊಸ್ತಿಲೇ ಕಾವಲಾಗಿದ್ದಿತು. ಆ ಕಾವಲು ನ್ಯಾಯವಾದುದೆಂದು ನಾನು ಹೇಳಲಾರೆ. ಗೆಳತಿಯ ನಿರ್ದೋಷವಾದ ಕಾಗದವೂ ಎಷ್ಟೋ ವೇಳೆ ಒಲೆಯ ಪಾಲಾಗುತ್ತಿದ್ದಿತು.

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪಾಪ್‌ವರ್ತ್ ಎಂಬ ತರುಣ ಎಂಜಿನಿಯರನು ವೊಡಾಫೋನ್ ಸಂಸ್ಥೆಯ ಅಧಿಕಾರಿಯೊಬ್ಬರ ಮೊಬೈಲಿಗೆ ಕ್ರಿಸ್‌ಮಸ್ ಶುಭಾಶಯದ ಮೊತ್ತಮೊದಲ ಎಸ್‌ಎಂಎಸ್ ಸಂದೇಶವನ್ನು ಕಳುಹಿಸಿದಾಗ, ಪಡೆದವರ ಯಂತ್ರಕ್ಕೆ ಮರುತ್ತರ ಬರೆಯುವ ಶಕ್ತಿಯೇ ಇರಲಿಲ್ಲ. 1995ರಲ್ಲಿ ಭಾರತಕ್ಕೆ ಬಂದ ಮೊಬೈಲು ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಜೇಬನ್ನು ಸೇರಿತು. ಮಿಸ್ಡ್ ಕಾಲ್‌ನ ಸಂಕೇತಗಳು, 160 ಅಕ್ಷರಗಳ ಮಿತಿಯಲ್ಲಿ ಹಿಡಿಸಿದ ಪ್ರಣಯ, ಅಗ್ಗದ ಎಸ್‌ಎಂಎಸ್ ಪ್ಯಾಕು ಹಬ್ಬದ ದಿನವೇ ನಡೆಯದೆ ಪೂರ್ಣದರ ತೆರಬೇಕಾದ ಸಂಕಟ, ಇವೆಲ್ಲ ಹೊದಿಕೆಯೊಳಗೇ ನಡೆದುಹೋದುವು. ಜಗಲಿಗೆ ಸುದ್ದಿ ಮುಟ್ಟಲಿಲ್ಲ.

ಅಕ್ಷರದ ಜತೆಗೆ ಕ್ಯಾಮರಾ ಸೇರಿದ ಮೇಲೆ ಒದಗಿದುದು ಬೇರೆಯ ಆಪತ್ತು. 2004ರಲ್ಲಿ ದೆಹಲಿಯ ಶಾಲೆಯೊಂದರ ಇಬ್ಬರು ವಿದ್ಯಾರ್ಥಿಗಳ ಖಾಸಗಿ ದೃಶ್ಯವು ಎಂಎಂಎಸ್ ಮೂಲಕ ಕೈಯಿಂದ ಕೈಗೆ ದಾಟಿ, ಕಡೆಗೆ ಬಾಜೀ.ಕಾಂ ಎಂಬ ಜಾಲತಾಣದಲ್ಲಿ ಮಾರಾಟಕ್ಕೇ ಬಂದಿತು. ಮಾರಲೆಳಸಿದ ಐಐಟಿ ವಿದ್ಯಾರ್ಥಿಯೂ ತಾಣದ ಮುಖ್ಯಾಧಿಕಾರಿಯೂ ಬಂಧಿತರಾದರು. ಶಾಲೆಗೆ ಮೊಬೈಲು ತರಬಹುದೆ, ಮಾರಾಟತಾಣದ ಹೊಣೆಯೆಷ್ಟು ಎಂದು ಚರ್ಚಿಸಿದವರು ಹಲವರು. ಆ ದೃಶ್ಯದಲ್ಲಿದ್ದ ಬಾಲಕಿಯ ಗತಿಯೇನೆಂದು ಕೇಳಿದವರು ವಿರಳ.

2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ ತಿದ್ದುಪಡಿಯು, 18 ವರ್ಷ ತುಂಬದವರ ಲೈಂಗಿಕ ದೃಶ್ಯಗಳನ್ನು ಹರಡಿದವರಿಗೆ 67ಬಿ ಕಲಮಿನಲ್ಲಿ ಮೊದಲ ಅಪರಾಧಕ್ಕೇ 5 ವರ್ಷಗಳವರೆಗೆ ಸೆರೆಯನ್ನೂ 10 ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸಿತು. ಮಕ್ಕಳ ರಕ್ಷಣೆಗೆಂದೇ ಹುಟ್ಟಿದ ಈ ವಿಧಿಯು, ಒಲವಿನ ಭರದಲ್ಲಿ ತನ್ನದೇ ಚಿತ್ರವನ್ನು ಕಳುಹಿಸಿದ ಮಗುವಿಗೆ ಪ್ರತ್ಯೇಕ ವಿನಾಯಿತಿಯನ್ನೇನೂ ಬರೆಯಲಿಲ್ಲ. ಇತ್ತ ಕಾನೂನಿನ ಭಯ, ಅತ್ತ ಅಪ್ಪನ ಬೆತ್ತದ ಭಯ. ನಡುವೆ ಸಿಕ್ಕಿದ ಮಗುವಿನ ಮೌನವೇ, ಅದೇ ಚಿತ್ರವನ್ನು ಹರಡುವೆನೆಂದು ಬೆದರಿಸಿ ಹಣ ಕೀಳುವವನ ಬಂಡವಾಳವಾಯಿತು.

2020ರ ಕೊರೋನಾ ದಿನಗಳಲ್ಲಿ ಪಾಠದ ನೆಪದಿಂದ ತಾವೇ ಮಕ್ಕಳ ಕೈಗೆ ಫೋನನ್ನಿತ್ತ ತಾಯಿತಂದೆಯರು, ಇಂತಹ ಬೆದರಿಕೆಯ ವಿಷಯ ತಿಳಿದೊಡನೆ ಅದನ್ನು ಕಸಿದು ಎಲ್ಲವನ್ನೂ ಅಳಿಸಿದರೆ, ಅಳಿಯುವುದು ಸಾಕ್ಷ್ಯವೂ ಹೌದು. ಹಣ ತೆರದೆ, ಚಿತ್ರವನ್ನು ನೆಂಟರಿಗಾರಿಗೂ ಕಳುಹಿಸದೆ, ಬೆದರಿಕೆಯ ಸಂದೇಶಗಳನ್ನು ಉಳಿಸಿಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆಮಾಡಬೇಕಾದರೆ, ಮಗುವು ಅದಕ್ಕೆ ಮುನ್ನ ಮನೆಯಲ್ಲಿ ಬಾಯಿಬಿಟ್ಟಿರಬೇಕಷ್ಟೆ.