ಮುಂಬೈ ಬಂದರು: ಈ ದಡ ಯಾರದ್ದು?

ಮುಂಬೈ ಅಂದರೆ ನಮಗೆ ನೆನಪಾಗೋದು ಮರೀನ್ ಡ್ರೈವ್, ಜುಹು, ಅಂದರೆ ಪಶ್ಚಿಮದ ಕಡಲು. ಆದರೆ ಈ ಮಹಾನಗರವನ್ನು ಬೆಳೆಸಿದ್ದು ಪೂರ್ವದ ದಡ. ಮುಂಬೈ ದ್ವೀಪಕ್ಕೂ ಕೊಂಕಣದ ನೆಲಕ್ಕೂ ನಡುವೆ, ಮುಂಗಾರಿನ ಅಲೆಗಳ ಹೊಡೆತ ಅಷ್ಟಾಗಿ ತಾಗದ ಆಳದ ನೀರಿದೆ. ಅದೇ ಇಲ್ಲಿನ ನೈಸರ್ಗಿಕ ಬಂದರು.

ಬಂದರು ಬೆಳೆದದ್ದು ಹೇಗೆ?

1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಮುಂಬೈಯನ್ನು ಇಂಗ್ಲೆಂಡಿನ ರಾಜನಿಗೆ ಕೊಟ್ಟರು. 1668ರಲ್ಲಿ ರಾಜ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1873ರಲ್ಲಿ ಪೋರ್ಟ್ ಟ್ರಸ್ಟ್ ಬಂತು. ನಂತರ ಪ್ರಿನ್ಸಸ್ ಡಾಕ್ (1880), ವಿಕ್ಟೋರಿಯಾ ಡಾಕ್ (1888), ಈಗ ಇಂದಿರಾ ಡಾಕ್ ಎನ್ನುವ ಅಲೆಕ್ಸಾಂಡ್ರಾ ಡಾಕ್ (1914) ಕಟ್ಟಲಾಯಿತು.

ಸರಕಿನ ಜೊತೆ ರಾಜಕೀಯವೂ ಇಲ್ಲಿ ಬೆಳೆಯಿತು. 1946ರ ನೌಕಾ ಬಂಡಾಯ ಶುರುವಾದದ್ದು ಈ ಊರಿನಲ್ಲೇ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಸಂಘಟನೆ ಕಲಿತದ್ದು ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಅವರ ಜೊತೆ.

ಆಚೆ ದಡದಲ್ಲಿ ಏನಾಯಿತು?

ದ್ವೀಪದಲ್ಲಿ ಜಾಗ ಸಾಲದಾದಾಗ 1970ರಲ್ಲಿ ಸಿಡ್ಕೋ ಸ್ಥಾಪಿಸಿ, ಎದುರು ದಡದ ಹಳ್ಳಿಗಳ ಭೂಮಿಯಲ್ಲಿ ನವಿ ಮುಂಬೈ ಕಟ್ಟಲು ಹೊರಟರು. ಪರಿಹಾರ ಸಾಲದು ಅಂತ ದಿ.ಬಾ. ಪಾಟೀಲ್ ನೇತೃತ್ವದಲ್ಲಿ ರೈತರು ಬೀದಿಗಿಳಿದರು. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ಪೊಲೀಸ್ ಗುಂಡಿಗೆ ಐವರು ಬಲಿಯಾದರು. ಭೂಮಿ ಕೊಟ್ಟವರಿಗೆ ಅದರ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ವಾಪಸ್ ಕೊಡುವ ಯೋಜನೆ ಬಂದದ್ದು ಆಮೇಲೆ.

1989ರಲ್ಲಿ ಅಲ್ಲೇ ನ್ಹಾವಾ ಶೇವಾ ಬಂದರು ಶುರುವಾಯಿತು. ಕಂಟೇನರ್ ಹಡಗುಗಳು ಅತ್ತ ಹೋದವು. 2024ರಲ್ಲಿ 21.8 ಕಿ.ಮೀ. ಉದ್ದದ ಅಟಲ್ ಸೇತು ಎರಡೂ ದಡಗಳನ್ನು ಜೋಡಿಸಿತು.

ಈಗಿನ ಪ್ರಶ್ನೆ

ಹಡಗು ಹೋದರೂ ನೆಲ ಉಳಿದಿದೆ. ಹಳೇ ದಡದಲ್ಲಿ ಸುಮಾರು 1,800 ಎಕರೆ ಕೇಂದ್ರ ಸರ್ಕಾರದ ಬಂದರು ಸಂಸ್ಥೆಯ ಕೈಯಲ್ಲಿದೆ. ಗೋದಾಮು, ಹಡಗು ಒಡೆಯುವ ಜಾಗ, ಗುಡಿಸಲು, ಮೀನುಗಾರರ ದಕ್ಕೆ ಎಲ್ಲವೂ ಅದರ ಮೇಲಿವೆ. ಅದರ ಮರುಬಳಕೆಗೆ ದಾರಿ ಹುಡುಕಲು 2014ರಲ್ಲೇ ರಾಣಿ ಜಾಧವ್ ಸಮಿತಿ ನೇಮಕವಾಗಿತ್ತು.

ಇದು ಸಾರ್ವಜನಿಕ ಭೂಮಿ. ಇಲ್ಲಿ ಬರೋದು ಬಾಡಿಗೆ ಮನೆ, ಆಟದ ಮೈದಾನವೋ ಅಥವಾ ಸಮುದ್ರ ಕಾಣುವ ದುಬಾರಿ ಫ್ಲ್ಯಾಟೋ ಅನ್ನೋದು ಬರೀ ಎಂಜಿನಿಯರುಗಳ ವಿಷಯ ಅಲ್ಲ. ಆಚೆ ದಡದಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋ ನಿಯಮ ಬಂದದ್ದು ಜೀವ ಹೋದ ಮೇಲೆ. ಈ ದಡದಲ್ಲಾದರೂ ಅದು ಮೊದಲು ಬರಲಿ, ನೀಲನಕ್ಷೆ ಆಮೇಲೆ.