ಪರೀಕ್ಷೆಯ ತಿಂಗಳು, ಲಗ್ನದ ತಿಂಗಳು

ನಾನು ಓದುತ್ತಿದ್ದ ಕಾಲಕ್ಕೆ ನಮ್ಮ ಮಂಚೇನಹಳ್ಳಿ ಸೀಮೆಯಲ್ಲಿ ವೈಶಾಖವೆಂದರೆ ಎರಡರ ಗಡಿಬಿಡಿ. ಒಂದು ಮದುವೆ, ಇನ್ನೊಂದು ಪದವಿ ಪರೀಕ್ಷೆ. ಲಗ್ನದ ದಿನವನ್ನು ಪುರೋಹಿತರು ಪಂಚಾಂಗ ನೋಡಿ ಇಡುತ್ತಿದ್ದರು. ಪರೀಕ್ಷೆಯ ದಿನವನ್ನು ಬೆಂಗಳೂರಿನಲ್ಲಿ ಕುಳಿತವರು ಗೊತ್ತು ಮಾಡುತ್ತಿದ್ದರು. ನಡುವೆ ಸಿಕ್ಕಿಕೊಂಡವಳು ಹುಡುಗಿ.

ಈ ದಿನ ಗೊತ್ತು ಮಾಡುವ ಅಧಿಕಾರ ಒಂದು ಕಾಲಕ್ಕೆ ಇನ್ನೂ ದೂರದಲ್ಲಿತ್ತು. 1857ರಲ್ಲಿ ಹುಟ್ಟಿದ ಮದ್ರಾಸ್ ವಿಶ್ವವಿದ್ಯಾಲಯವೇ ಮೈಸೂರು ಸಂಸ್ಥಾನದ ಕಾಲೇಜುಗಳಿಗೂ ಪರೀಕ್ಷೆ ನಡೆಸುತ್ತಿತ್ತು. ನಮ್ಮ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪಡೆದ ಬಿ.ಎ. ಮದ್ರಾಸಿನದು. ಸಂಸ್ಥಾನದ ಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರಾದ ಕೆ.ಡಿ. ರುಕ್ಮಿಣಿಯಮ್ಮನವರು 1906ರಲ್ಲಿ ಪಡೆದದ್ದೂ ಅಲ್ಲಿಯದೇ. ಆ ಪರೀಕ್ಷೆಯ ಬಿಗಿ ಎಂಥದೆಂದರೆ, ಗಣಿತದ ಮೇಧಾವಿ ಶ್ರೀನಿವಾಸ ರಾಮಾನುಜನ್ ಅವರೇ ಉಳಿದ ವಿಷಯಗಳು ಕೈಕೊಟ್ಟು 1906ರ ಡಿಸೆಂಬರಿನಲ್ಲಿ ಎಫ್.ಎ. ನಪಾಸಾದರು. ಮರುವರ್ಷ ಬರೆದರು, ಮತ್ತೆ ನಪಾಸು. ಗಂಡುಹುಡುಗನಾದ್ದರಿಂದ ಮರುವರ್ಷವೆಂಬುದೊಂದು ಅವರಿಗಿತ್ತು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ದಿವಾನರಾಗಿದ್ದವರು ಅದೇ ವಿಶ್ವೇಶ್ವರಯ್ಯ. ಪರೀಕ್ಷೆ ಮನೆ ಹತ್ತಿರ ಬಂತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವಾದ ಮೇಲೆ ಇನ್ನೂ ಹತ್ತಿರವಾಯಿತು. ಆಗ ಕೋಲಾರ ಜಿಲ್ಲೆಯಲ್ಲಿದ್ದ ನಮ್ಮ ಕಡೆಯ ಕಾಲೇಜುಗಳೂ ಮುಂದೆ ಅದರ ತೆಕ್ಕೆಗೆ ಸೇರಿದವು.

ನಾವು ಬಿ.ಎ. ಓದಿದ ಎಂಬತ್ತರ ದಶಕದ ಕೊನೆಯಲ್ಲಿ ಇದ್ದದ್ದು ವಾರ್ಷಿಕ ಪದ್ಧತಿ. ಇಡೀ ವರ್ಷದ ಓದನ್ನು ಮೂರು ಗಂಟೆಯಲ್ಲಿ ಕಕ್ಕಬೇಕು. ತಪ್ಪಿದರೆ ಅಕ್ಟೋಬರ್. 'ಅಕ್ಟೋಬರಿಗೆ ಕಟ್ಟಿದ್ದಾಳೆ' ಎಂದರೆ ಏನೆಂದು ಊರಿನ ಅಜ್ಜಿಯರಿಗೂ ಗೊತ್ತಿತ್ತು. ಇನ್ನು ರೇಷ್ಮೆ ಸಾಕುವ ಮನೆಯ ಹುಡುಗಿಯರ ಪಾಡು ಬೇರೆಯೇ. ಹುಳು ನಾಲ್ಕನೇ ಜ್ವರದಿಂದ ಎದ್ದಿತೋ, ಹಗಲು ರಾತ್ರಿ ಸೊಪ್ಪು ಹಾಕಬೇಕು. ಮರುದಿನ ಇತಿಹಾಸದ ಪತ್ರಿಕೆ ಇದೆ ಎಂದರೆ ಹುಳು ಕೇಳುತ್ತದೆಯೇ?

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳ ನೋಟ್ಸು ಓದಿ ಅರ್ಧ ತರಗತಿ ಪಾಸಾಗುತ್ತಿತ್ತು. ವೇಳಾಪಟ್ಟಿ ಬರುವ ಮೊದಲೇ ಅವಳ ಮನೆಯಲ್ಲಿ ಮುಹೂರ್ತ ಇಟ್ಟುಬಿಟ್ಟರು. ಕೊನೆಯ ಎರಡು ಪತ್ರಿಕೆಗಳು ಚಪ್ಪರ ಮತ್ತು ಧಾರೆಯ ದಿನಗಳಿಗೇ ಬಿದ್ದವು. 'ಅಕ್ಟೋಬರಲ್ಲಿ ಬರೀಲಿ ಬಿಡಿ, ನಾವೇನು ಬೇಡ ಅಂತೀವಾ' ಎಂದರು ಬೀಗರು. ಅಕ್ಟೋಬರಿನ ಹೊತ್ತಿಗೆ ಅವಳಿಗೆ ಐದು ತಿಂಗಳು. 'ಬಸುರಿ ಹೆಂಗಸು ಬಸ್ಸಲ್ಲಿ ಓಡಾಡೋದು ಬೇಡಮ್ಮ' ಎಂದವರು ಅತ್ತೆಯಲ್ಲ, ಹೆತ್ತ ತಾಯಿ! ಎರಡೇ ಎರಡು ಪತ್ರಿಕೆ. ಇವತ್ತಿಗೂ ಅವಳು ಪಿ.ಯು.ಸಿ. ಎಂದೇ ಬರೆಸುತ್ತಾಳೆ.

ಎರಡು ಸಾವಿರದ ದಶಕದಲ್ಲಿ ಪದವಿಗೆ ಸೆಮಿಸ್ಟರ್ ಬಂದಾಗ ನನ್ನ ಸಹೋದ್ಯೋಗಿಗಳು ಗೊಣಗಿದರು, ವರ್ಷಕ್ಕೆ ಎರಡು ಸಲ ಪರೀಕ್ಷೆ, ಪಾಠ ಮಾಡುವುದು ಯಾವಾಗ ಎಂದು. ಅದು ನಿಜವೇ. ಆದರೂ ನನಗೆ ಒಳಗೊಳಗೇ ಸಮಾಧಾನ. ಎಲ್ಲವೂ ಒಂದೇ ವೈಶಾಖದ ಮೇಲೆ ನಿಲ್ಲುವುದಿಲ್ಲ. ನವೆಂಬರ್-ಡಿಸೆಂಬರಿನಲ್ಲಿ ಬರೆದ ಪತ್ರಿಕೆಗಳನ್ನು ಯಾವ ಲಗ್ನವೂ ಕಿತ್ತುಕೊಳ್ಳಲಾರದು.

2020ರಲ್ಲಿ ಕೊರೊನಾ ಬಂದು ಹಳೆಯ ಕಥೆಯನ್ನು ಮತ್ತೆ ಎದುರಿಗೆ ತಂದಿಟ್ಟಿತು. ಉಳಿದ ತರಗತಿಗಳವರಿಗೆ ಪರೀಕ್ಷೆಯಿಲ್ಲದೆ ತೇರ್ಗಡೆ, ಕೊನೆಯ ವರ್ಷದವರಿಗೆ ಮಾತ್ರ ಪರೀಕ್ಷೆ ಎಂದು ಸರ್ಕಾರ ಜುಲೈನಲ್ಲಿ ಹೇಳಿತು. ಸೆಪ್ಟೆಂಬರ್ ಅಂತ್ಯದೊಳಗೆ ಮುಗಿಸಿ ಎಂದು ಯು.ಜಿ.ಸಿ. ಅಂದಿತ್ತು. ಕೊನೆಯ ವರ್ಷದ ಪರೀಕ್ಷೆಯಿಲ್ಲದೆ ಪದವಿಯಿಲ್ಲ ಎಂದು ಆಗಸ್ಟ್ 28ರಂದು ಸುಪ್ರೀಂ ಕೋರ್ಟೂ ತೀರ್ಪು ಕೊಟ್ಟಿತು. ಪರೀಕ್ಷೆ ಮುಂದೆ ಹೋಯಿತು, ಮದುವೆಗಳು ಹೋಗಲಿಲ್ಲ. ಕಡಿಮೆ ಜನ, ಕಡಿಮೆ ಖರ್ಚು ಎಂದು ಆತುರಾತುರವಾಗಿ ಮುಗಿಸಿದವರೇ ಹೆಚ್ಚು. ನನ್ನ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ಮದುವೆ ಜೂನ್‌ನಲ್ಲೇ ಆಯಿತು. ಪರೀಕ್ಷೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಬಸ್‌ಸ್ಟಾಂಡಿನಲ್ಲಿ ಸಿಕ್ಕಳು, ಮುಖಕ್ಕೆ ಮಾಸ್ಕು, ಕೈಯಲ್ಲಿ ಹಾಲ್ ಟಿಕೆಟ್ಟು.

'ಮನೇಲಿ ಒಪ್ಪಿದರಾ?' ಎಂದೆ.

'ಅತ್ತೇನೇ ಎಬ್ಬಿಸಿ ಕಳಿಸಿದರು ಮಿಸ್. ಅವರದೂ ಎರಡು ಪೇಪರ್ ಉಳಿದಿತ್ತಂತೆ.'

ಬಸ್ಸು ಬಂತು, ಹತ್ತಿ ಹೋದಳು.